ಒಂದೇ ಗಾಡಿ, ಎರಡು ನಂಬರ್

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಕಾರ್ ರೇಸಿನಲ್ಲಿ ಸೋತವರು ಗಾಡಿ ಡೊಂಕು ಅನ್ನುತ್ತಾರೆ. ಪಿಕಪ್ ಇರಲಿಲ್ಲ, ಬ್ರೇಕ್ ಹಿಡಿಯಲಿಲ್ಲ, ಟೈರ್ ಸವೆದಿತ್ತು, ಮೆಕ್ಯಾನಿಕ್ ಕೈಕೊಟ್ಟ. ಕೇಳಿದವರೂ "ಅಯ್ಯೋ ಪಾಪ" ಅಂದು ಸುಮ್ಮನಾಗುತ್ತಾರೆ. ನನಗೂ ನಮ್ಮ ಭಾವನಿಗೂ ಆ ಭಾಗ್ಯ ಇಲ್ಲ. ನಾವಿಬ್ಬರೂ ಓಡಿಸೋದು ಒಂದೇ ಕಾರು. ಅದೇ ಟೈರು, ಅದೇ ಬ್ರೇಕು, ಅದೇ ಬಯಲು. ಬೋರ್ಡಿನ ಮೇಲೆ ಇಬ್ಬರ ಟೈಮ್ ಮೇಲೆ ಕೆಳಗೆ ಬರೆದಾಗ ಬೈಯೋಕೆ ಉಳಿಯೋದು ಡ್ರೈವರ್ ಒಬ್ಬನೇ. ಹಾಗಾಗಿ ನಾವು ನೆಪಗಳನ್ನು ಬೇರೆಯವರಿಗಿಂತ ಸ್ವಲ್ಪ ಆಳಕ್ಕೆ ಇಳಿದು ಹುಡುಕಬೇಕಾಗುತ್ತದೆ.

ಆಟೋಕ್ರಾಸ್ ನೋಡದವರಿಗೆ ಎರಡು ಮಾತು. ಖಾಲಿ ಬಯಲಲ್ಲಿ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ. ಪೈಪೋಟಿ ಏನಿದ್ದರೂ ಗಡಿಯಾರದ ಜೊತೆ. ಒಂದು ನಿಮಿಷದ ಆಚೀಚೆ ಆಟ ಮುಗಿದಿರುತ್ತದೆ. ಎರಡು ಮೂರು ಅವಕಾಶ ಕೊಡುತ್ತಾರೆ, ಅದರಲ್ಲಿ ಚೆನ್ನಾಗಿ ಬಂದ ಟೈಮ್ ಲೆಕ್ಕಕ್ಕೆ. ಅಮೆರಿಕದ ಎಸ್‌ಸಿಸಿಎ ಕ್ಲಬ್ಬಿನವರು ದೊಡ್ಡ ಪಾರ್ಕಿಂಗ್ ಜಾಗದಲ್ಲಿ, ಟಾರು ನೆಲದ ಮೇಲೆ ಆಡುತ್ತಾರೆ. ಅವರಲ್ಲಿ ಒಂದು ಕೋನ್ ಬಿದ್ದರೆ ಟೈಮಿಗೆ 2 ಸೆಕೆಂಡ್ ಸೇರಿಸುತ್ತಾರೆ. ಒಂದು ಕಾರಿನಲ್ಲಿ ಇಬ್ಬರು ಆಡೋದು ಅಲ್ಲಿ ಮಾಮೂಲು. ನಮ್ಮ ದೇಶದಲ್ಲಿ ಈ ಕ್ರೀಡೆಗಳನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ ಅನ್ನೋ ಸಂಸ್ಥೆ. ನಮ್ಮ ಕಡೆ ಆಟ ಜಾಸ್ತಿ ಮಣ್ಣಿನ ಮೇಲೆ. ನಾವಿಬ್ಬರು ಹೋಗೋದು ಊರಾಚೆ ಯಾವುದೋ ಲೇಔಟಿನಲ್ಲಿ, ಸೈಟು ಖರ್ಚಾಗದೆ ಉಳಿದ ಜಾಗದಲ್ಲಿ, ಹವ್ಯಾಸಕ್ಕೆ ನಡೆಯುವ ಸಣ್ಣ ಆಟಗಳಿಗೆ.

ನಮ್ಮ ಭಾವ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಆರಡಿ ಎತ್ತರ, 95 ಕೆಜಿ ತೂಕ. ನಾನು ಐದೂಕಾಲು ಅಡಿ, 58 ಕೆಜಿ. ಕಾರು ಹಳೇ ಮಾರುತಿ ಝೆನ್, 993 ಸಿಸಿ. ದುಡ್ಡು ನಾವಿಬ್ಬರೂ ಹಾಕಿದ್ದೇವೆ, ಆರ್‌ಸಿ ಮಾತ್ರ ನಮ್ಮ ಅಕ್ಕನ ಹೆಸರಲ್ಲಿದೆ. ಇದು ಹೇಗಾಯಿತು ಅಂತ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿದೆ.

ಖರ್ಚು ಅರ್ಧರ್ಧ. ಆದರೆ ಭಾವನ ಅರ್ಧಕ್ಕೂ ನನ್ನ ಅರ್ಧಕ್ಕೂ ವ್ಯತ್ಯಾಸ ಇದೆ. ಮಂಡಿಯ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕದಲ್ಲೇ ಕಾರಿಗೊಂದು ಪುಟ ತೆರೆದಿದ್ದಾರೆ. ಮುಂದಿನ ಟೈರ್ ಎರಡು, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಎಲ್ಲ ಅದರಲ್ಲಿ ಏರುತ್ತವೆ. ಮುಂದಿನ ಟೈರೇ ಯಾಕೆ ಅಂದರೆ ಝೆನ್‌ನಲ್ಲಿ ಎಳೆಯೋದೂ ಅವೇ, ತಿರುಗೋದೂ ಅವೇ, ಬ್ರೇಕ್ ಹಾಕಿದಾಗ ಜಾಸ್ತಿ ಭಾರ ಹೊರೋದೂ ಅವೇ. ಹಿಂದಿನ ಎರಡು ಸುಮ್ನೆ ಜೊತೆಗೆ ಬರುತ್ತವೆ. ಇಬ್ಬರು ಓಡಿಸಿದರೆ ಮುಂದಿನವು ಎರಡು ಪಟ್ಟು ಬೇಗ ಸವೆಯುತ್ತವೆ. "ಲೇ ತಮ್ಮಾ, ನೀನು ತಿರುವಿನಲ್ಲಿ ಸ್ಟಿಯರಿಂಗ್ ಜಾಸ್ತಿ ಎಳಿತೀಯ. ಟೈರಿಗೆ ನಿಂದು ಅರವತ್ತು ಪರ್ಸೆಂಟ್ ಹಾಕ್ತೀನಿ" ಅಂತ ಒಮ್ಮೆ ಹೇಳಿದರು. ನಾನು ಒಪ್ಪಲಿಲ್ಲ. ಅವರು ಆಗಲೇ ಬರೆದಾಗಿತ್ತು.

ವಾರವೆಲ್ಲ ಈ ಕಾರು ಸಂಸಾರಸ್ಥ. ಮಕ್ಕಳ ಸ್ಕೂಲು, ತರಕಾರಿ, ಮದುವೆ, ಮುಂಜಿ. ಭಾನುವಾರ ಮಾತ್ರ ರೇಸಿನ ಗಾಡಿ. ಆಟಕ್ಕೆ ಮೊದಲು ತಪಾಸಣೆ ಇರುತ್ತದೆ. ಬ್ಯಾಟರಿ ಬಿಗಿಯಾಗಿದೆಯಾ, ಸೀಟ್ ಬೆಲ್ಟ್ ಸರಿ ಇದೆಯಾ, ಹೆಲ್ಮೆಟ್ ಹೇಗಿದೆ ಅಂತ ನೋಡುತ್ತಾರೆ. ಒಳಗೆ ಬಿಡಿ ಸಾಮಾನು ಏನೂ ಇರಬಾರದು. ಜೋರಾಗಿ ತಿರುಗಿಸಿದಾಗ ಅದು ಉರುಳಿ ಬಂದು ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಹಾಗಾಗಿ ಬೆಳಗ್ಗೆ ಬೆಣ್ಣೆ ದೋಸೆ ತಿಂದು ಬಯಲಿಗೆ ಹೋದ ಮೇಲೆ ನಮ್ಮ ಮೊದಲ ಕೆಲಸ ಕಾರು ಖಾಲಿ ಮಾಡೋದು. ಟವಲ್ ಹಾಸಿ ಒಂದೊಂದಾಗಿ ಹೊರಗಿಡುತ್ತೇವೆ. ಲಗ್ನಪತ್ರಿಕೆಗಳು, ಒಂಟಿ ಸಾಕ್ಸು, ಮೆಕ್ಕೆಜೋಳದ ಸ್ಯಾಂಪಲ್ ಪೊಟ್ಟಣ, ಕಡ್ಡಿ ಮುರಿದ ಛತ್ರಿ, ಸೀಟಿನ ಸಂದಿಯಲ್ಲಿ ಮೆತ್ತಗಾದ ಮಂಡಕ್ಕಿ. ಪಕ್ಕದ ಗಾಡಿಯವರು ಸಂತೆ ಅಂದುಕೊಂಡು ಬಂದು ನೋಡಿದ್ದೂ ಇದೆ.

ಒಂದು ಸಲ ಇಷ್ಟೆಲ್ಲ ತೆಗೆದ ಮೇಲೂ ತಪಾಸಣೆಯವರು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದರು. ಒಂದು ತಾಂಬೂಲದ ಚೀಲ ಬಂತು. ಒಳಗೆ ತೆಂಗಿನಕಾಯಿ. ಅವರು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಒಣಗಿ ಗಿಟುಕಾಗಿ ಕಟ ಕಟ ಅನ್ನುತ್ತಿತ್ತು. "ಮದುವೆ ಆಗಿ ಎಷ್ಟು ದಿನ ಆಯ್ತು ಸಾರ್? ಮದುಮಗಳಿಗೆ ಮಗು ಆಗಿರಬೇಕು" ಅಂದರು. ಭಾವ ನಗಲಿಲ್ಲ. ಎಡಕ್ಕೆ ತಿರುಗಿದಾಗೆಲ್ಲ ಸಸ್ಪೆನ್ಷನ್ ಕಟ ಕಟ ಅನ್ನುತ್ತದೆ ಅಂತ ಅವರು ಗ್ಯಾರೇಜಿಗೆ ಅಲೆದು ಬುಷ್ ಎಲ್ಲ ಬದಲಾಯಿಸಿದ್ದರು. ಆ ಬಿಲ್ಲೂ ಅರ್ಧರ್ಧ.

ಇನ್ನು ಯಾರು ಮೊದಲು ಓಡಿಸಬೇಕು ಅನ್ನೋದು. ಇದರ ಮುಂದೆ ಆಸ್ತಿ ಪಾಲು ಸಲೀಸು. ಮಣ್ಣಿನ ಟ್ರ್ಯಾಕಿನಲ್ಲಿ ಮೊದಲು ಹೋದವನಿಗೆ ಮೇಲಿನ ಸಡಿಲ ಮಣ್ಣು ಸಿಗುತ್ತದೆ, ಗಾಡಿ ಜಾರುತ್ತದೆ. ಆಮೇಲೆ ಬರುವವನಿಗೆ ಗುಡಿಸಿಟ್ಟ ದಾರಿ. ತೀರಾ ಕೊನೆಗೆ ಹೋದರೆ ಗುಂಡಿ, ಕಲ್ಲು. ಮೊದಲಿನವನಿಗೆ ಟೈರ್ ತಣ್ಣಗೆ, ಎರಡನೆಯವನಿಗೆ ಬೆಚ್ಚಗೆ. ಟೈರ್ ಐದಾರು ಡಿಗ್ರಿ ಬಿಸಿಯಾದರೆ ಒಳಗಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಒಬ್ಬನಿಗೆ ಹದವಾಗಿ ಗಾಳಿ ಬಿಟ್ಟರೆ ಇನ್ನೊಬ್ಬನಿಗೆ ತಪ್ಪುತ್ತದೆ. ಇದರ ಜೊತೆಗೆ ಎರಡನೆಯವನು ಮೊದಲಿನವನ ತಪ್ಪುಗಳನ್ನೆಲ್ಲ ಪುಕ್ಕಟೆಯಾಗಿ ನೋಡಿಕೊಂಡಿರುತ್ತಾನೆ. ಭಾವ ಇದಕ್ಕೆ ತೂಕದ ಲೆಕ್ಕ ಬೇರೆ ಸೇರಿಸಿದರು. "ಮೊದಲೇ ನಾನು ನಿನಗಿಂತ ಮುಕ್ಕಾಲು ಚೀಲ ಜಾಸ್ತಿ. ಮೇಲೆ ನಾನು ಸುಟ್ಟ ಪೆಟ್ರೋಲಿನಿಂದ ಗಾಡಿ ನಿನಗೆ ಹಗುರ ಆಗುತ್ತೆ, ಅಲ್ವಾ?"

ಒಂದು ಲೀಟರ್ ಪೆಟ್ರೋಲ್ ಹೆಚ್ಚು ಕಮ್ಮಿ ಮುಕ್ಕಾಲು ಕೆಜಿ ತೂಗುತ್ತದೆ. ಒಂದು ನಿಮಿಷದ ಓಟಕ್ಕೆ ಎಷ್ಟು ಸುಟ್ಟೀತು? "ಭಾವ, ಅದಕ್ಕಿಂತ ಬೆಳಗ್ಗೆ ನೀವು ತಿಂದ ದೋಸೆ ಮೇಲಿನ ಬೆಣ್ಣೆ ಜಾಸ್ತಿ ತೂಗುತ್ತೆ" ಅಂದೆ. ಭಾವನಿಗೆ ನಾನು ಯಾವಾಗಲೂ ನೀವು ಅಂತಲೇ ಮಾತಾಡೋದು. ಮರ್ಯಾದೆ ಮರ್ಯಾದೆಯೇ.

ಬಿಸಿ ಟೈರಿಗೆ ಭಾವ ಒಂದು ಪರಿಹಾರ ಕಂಡುಹಿಡಿದರು. ಹೊರದೇಶದವರು ಇಬ್ಬರು ಓಡಿಸುವಾಗ ನಡುವೆ ಟೈರಿಗೆ ನೀರು ಸಿಂಪಡಿಸಿ ತಣ್ಣಗೆ ಮಾಡುತ್ತಾರೆ. ಇದು ನಿಜ. ಟಾರು ನೆಲದಲ್ಲಿ ಬೇಸಿಗೆಯ ದಿನ ಟೈರ್ ಮಿತಿಮೀರಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಭಾವ ಮೊಬೈಲಿನಲ್ಲಿ ಇದನ್ನು ನೋಡಿ ತೋಟದಿಂದ ಔಷಧಿ ಹೊಡೆಯೋ ಪಂಪು ತಂದರು. ಬೆನ್ನಿಗೆ ಪಂಪು, ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಕಡ್ಡಿ. ನನ್ನ ಓಟಕ್ಕೆ ಮುಂಚೆ ನಾಲ್ಕೂ ಟೈರಿಗೆ ಚುಸ್ ಚುಸ್ ಅಂತ ಭಕ್ತಿಯಿಂದ ಹೊಡೆದರು. ಆದರೆ ನಾವು ನಿಂತಿದ್ದದ್ದು ಟಾರಿನ ಮೇಲಲ್ಲ, ಎರೆ ಮಣ್ಣಿನ ಮೇಲೆ. ಎರೆ ಮಣ್ಣಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಮಣ್ಣು ಮೆತ್ತಿ, ಅದರ ಮೇಲೆ ಸಜ್ಜೆ ರೊಟ್ಟಿಗೆ ಎಳ್ಳು ಅಂಟಿದ ಹಾಗೆ ಕಲ್ಲು ಅಂಟಿಕೊಂಡವು. ಮೊದಲ ತಿರುವಿನಲ್ಲಿ ಸ್ಟಿಯರಿಂಗ್ ಒಂದು ಕಡೆ, ಕಾರು ಇನ್ನೊಂದು ಕಡೆ. ಒಳಗೆಲ್ಲ ಕೀಟನಾಶಕದ ವಾಸನೆ. ಕಾರಿನಲ್ಲಿದ್ದ ಇರುವೆಗಳು ಮಾತ್ರ ಅವತ್ತಿನಿಂದ ಮಾಯ.

ಅಸಲಿ ಗಲಾಟೆ ಆಗಿದ್ದು ಚಿತ್ರದುರ್ಗದಲ್ಲಿ.

ಆಷಾಢ ಮಾಸ. ಮದುವೆ ಮುಂಜಿ ಏನೂ ಇರಲ್ಲವಾದ್ದರಿಂದ ಕಾರು ಪೂರ್ತಿ ನಮ್ಮದೇ. ಹೆದ್ದಾರಿಯಲ್ಲಿ 60 ಕಿಲೋಮೀಟರ್ ದಾರಿ. ಅಕ್ಕನೂ ಜೊತೆಗೆ ಬಂದಳು. ಆಷಾಢದಲ್ಲಿ ಚಿತ್ರದುರ್ಗದ ಗಾಳಿ ಹೇಗಿರುತ್ತದೆ ಅನ್ನೋದಕ್ಕೆ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಸುಮ್ನೆ ಯಾರೂ ಅಷ್ಟು ದುಡ್ಡು ಸುರಿದು ಅವನ್ನು ಅಲ್ಲಿ ನಿಲ್ಲಿಸಲ್ಲ. ಅಂಥ ಗುಡ್ಡದ ಬುಡದಲ್ಲೇ ಬಯಲು. ಆಯೋಜಕರು ಪ್ಲಾಸ್ಟಿಕ್ ಕೋನ್ ಜೋಡಿಸಿ, ಪ್ರತಿಯೊಂದರ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಕೋನ್ ಅಲುಗಿದರೂ ಗೆರೆಯೊಳಗೆ ನಿಂತಿದ್ದರೆ ಮಾಫಿ, ಉರುಳಿದರೆ ಅಥವಾ ಗೆರೆ ದಾಟಿದರೆ ದಂಡ. ಇಲ್ಲೂ 2 ಸೆಕೆಂಡೇ. ಗಾಳಿ ಮೊದಲು ಗೆರೆಗಳನ್ನು ಒಯ್ದಿತು. ಆಮೇಲೆ ಕೋನ್‌ಗಳನ್ನು. ಹುಡುಗರು ಅವುಗಳ ಹಿಂದೆ ಓಡಿ ಓಡಿ ಹಿಡಿದು ತರುತ್ತಿದ್ದರು.

ಒಂದು ಗಾಡಿಗೆ ಇಬ್ಬರು ಡ್ರೈವರ್ ಅಂದರೆ ಎರಡು ನಂಬರ್. ಭಾವನದು 21, ನನ್ನದು 27. ಇದು ಭಾವನ ಆಯ್ಕೆ. ಬಾಗಿಲಿಗೆ ಟೇಪಿನಲ್ಲಿ 21 ಅಂತ ಅಂಟಿಸಿದರೆ, ನನ್ನ ಸರದಿಗೆ 1ರ ತಲೆ ಮೇಲೆ ಇನ್ನೊಂದು ತುಂಡು ಟೇಪು ಅಡ್ಡ ಹಚ್ಚಿದರೆ ಸಾಕು, 27. ಟೇಪು ಉಳಿತಾಯ. ಪುಸ್ತಕದಲ್ಲಿ ಬರೆಯೋದೂ ಕಮ್ಮಿ.

ಭಾವ 59.6 ಸೆಕೆಂಡಿನಲ್ಲಿ ಬಂದರು. ನಮ್ಮಿಬ್ಬರ ನಡುವೆ ನಾಲ್ಕೈದು ಗಾಡಿ ಬಿಟ್ಟಿದ್ದರು. ಅಷ್ಟರಲ್ಲಿ ಬಾನೆಟ್ ತೆಗೆದು ಎಂಜಿನ್ ತಣ್ಣಗೆ ಮಾಡಬೇಕು, ಟೈರಿನ ಗಾಳಿ ನೋಡಬೇಕು, ಕನ್ನಡಿ ತಿರುಗಿಸಬೇಕು, ನಂಬರ್ ಬದಲಿಸಬೇಕು. ಹೆಲ್ಮೆಟ್ ಒಂದೇ ಇರೋದು. ಭಾವ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಒಳಗೆ ಕರ್ಚೀಫ್ ಕಟ್ಟಿಕೊಂಡೇ ನಾನು ತಲೆ ಹಾಕೋದು. ಕೊನೆಗೆ ಸೀಟು. ಅವರು ಪೂರ್ತಿ ಹಿಂದೆ ತಳ್ಳಿರುತ್ತಾರೆ, ನನಗೆ ಪೂರ್ತಿ ಮುಂದೆ ಬೇಕು. ಅವತ್ತು ಎಳೆದರೆ ನಡುವೆ ಎಲ್ಲೋ ನಿಂತಿತು. ಸೀಟು ಜಾರೋ ಪಟ್ಟಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಅಕ್ಕ ಹಿಂದಿನ ಸೀಟಿಗೆ ಹತ್ತಿ, ಕಾಲಿನಿಂದ ಒಂದೇ ಸಲ ಒದ್ದಳು. ಪೆನ್ಸಿಲ್ ಮುರಿದ ಸದ್ದು ಬಂತು. ಸೀಟು ಹೋಗಿ ಮುಂದೆ ಕಚ್ಚಿಕೊಂಡಿತು. ಮತ್ತೆ ಅಲುಗಲಿಲ್ಲ. ಮೇಲೊಂದು ದಿಂಬಿಟ್ಟು ಕೂತು ಹೊರಟೆ.

ಅದ್ಭುತವಾಗಿ ಓಡಿಸಿದೆ. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳಿಲ್ಲ. 57.9. ಕೆಳಗಿಳಿದು ಬೋರ್ಡಿನ ಹತ್ತಿರ ಹೋದರೆ 21ರ ಮುಂದೆ 59.6, ಅದರ ಪಕ್ಕ 57.9. 27ರ ಮುಂದೆ ಒಂದು ಗೆರೆ, ಅಂದರೆ ಬಂದಿಲ್ಲ ಅಂತ. ಬಾಗಿಲು ನೋಡಿದೆ. ಅಡ್ಡ ಟೇಪು ಗಾಳಿಗೆ ಕಿತ್ತುಕೊಂಡು ಹೋಗಿತ್ತು. ಬರೆದುಕೊಳ್ಳುವ ಹುಡುಗ ಕಂಡದ್ದನ್ನು ಬರೆದಿದ್ದ.

"ಯಾರು ಸಾರ್ ಓಡಿಸಿದ್ದು?" ಅಂತ ಆಯೋಜಕರು ಕೇಳಿದರು. ಇಬ್ಬರದೂ ಬಿಳಿ ತುಂಬುತೋಳಿನ ಅಂಗಿ, ಒಂದೇ ಹೆಲ್ಮೆಟ್ಟು. ನಾನು ಭಾವನ ಮುಖ ನೋಡಿದೆ. ಭಾವ ಗುಡ್ಡದ ಮೇಲಿನ ಗಾಳಿಯಂತ್ರ ನೋಡುತ್ತಿದ್ದರು.

ಅಕ್ಕ ಮುಂದೆ ಬಂದಳು. "ಸೀಟು ನೋಡಿ" ಅಂದಳು.

ಆಯೋಜಕರು ಬಾಗಿಲು ತೆಗೆದರು. ಸೀಟು ಪೂರ್ತಿ ಮುಂದೆ, ಮೇಲೆ ನನ್ನ ದಿಂಬು. "ಸಾರ್, ಒಂದ್ ನಿಮಿಷ ಕೂತ್ಕೊಳ್ಳಿ" ಅಂತ ಭಾವನಿಗೆ ಹೇಳಿದರು. ಭಾವ ಮೊದಲು ಎಡಗಾಲು ಹಾಕಿದರು. ಮೊಣಕಾಲು ಸ್ಟಿಯರಿಂಗಿಗೆ ತಾಗಿ ಹಾರ್ನ್ ಬಾರಿಸಿತು. ತಲೆ ಬಗ್ಗಿಸಿ ಒಳಗೆ ತೂರಿಸಿದರು, ದಿಂಬಿನಿಂದಾಗಿ ಕತ್ತು ಸೂರಿಗೆ ಸಿಕ್ಕಿಕೊಂಡಿತು. ಬಲಗಾಲು ಹೊರಗೇ ಉಳಿಯಿತು. ಅದಕ್ಕೆ ಒಳಗೆ ಜಾಗ ಇರಲಿಲ್ಲ. ಸುತ್ತ ಇಪ್ಪತ್ತು ಜನ. "ಏನ್ರೀ, ಹೋಗ್ಲಿ ಬಿಡ್ರೀ, ಎದ್ದು ಬನ್ನಿ" ಅಂದಳು ಅಕ್ಕ. ಹೋಗಿದ್ದಕ್ಕಿಂತ ಬರೋದು ಕಷ್ಟವಾಯಿತು. ಇಬ್ಬರು ಹಿಡಿದೆಳೆಯಬೇಕಾಯಿತು.

57.9 ನನ್ನ ಹೆಸರಿಗೆ ಬಂತು. ಭಾವನಿಗಿಂತ 1.7 ಸೆಕೆಂಡ್ ಕಮ್ಮಿ. ನಾನು ಇನ್ನೇನು ಎಲ್ಲರಿಗೂ ಟೀ ಹೇಳಬೇಕು, ದೂರದ ತಿರುವಿನಿಂದ ಒಬ್ಬ ಹುಡುಗ ಚೀಟಿ ಹಿಡಿದುಕೊಂಡು ಓಡಿ ಬಂದ. ಕೊನೆಯ ತಿರುವಿನಲ್ಲಿ ಒಂದು ಕೋನ್ ಬಿದ್ದಿದೆಯಂತೆ. 2 ಸೆಕೆಂಡ್ ಸೇರಿಸಿದರು. 59.9.

ಅದು ಗಾಳಿಗೆ ಬಿದ್ದ ಕೋನ್. ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ. ಬೆಳಗ್ಗೆಯಿಂದ ಬಯಲಲ್ಲಿ ಕೋನ್‌ಗಳು ತಾವಾಗಿಯೇ ಓಡಾಡುತ್ತಿದ್ದವು, ನಾನು ಹೋಗುವಾಗ ಮಾತ್ರ ಗಾಳಿ ನಿಂತಿತ್ತಾ? ಬಂಪರಿನ ಎಡ ಮೂಲೆಯಲ್ಲಿ ಕೇಸರಿ ಬಣ್ಣದ ಗೀರು ಇದೆ ಅಂತ ಭಾವ ಎಲ್ಲರನ್ನೂ ಕರೆದು ತೋರಿಸಿದರು. ಹಳೇ ಗಾಡಿಗೆ ನೂರು ಗೀರು ಇರುತ್ತವೆ. ಅದು ಯಾವುದೋ ಮದುವೆಯ ಕುಂಕುಮ ಇರಬಹುದು. ಆ 0.3 ಸೆಕೆಂಡಿನಲ್ಲಿ ಭಾವ ನನಗಿಂತ ಒಂದು ಸ್ಥಾನ ಮೇಲೆ ಹೋದರು. ಪಟ್ಟಿಯನ್ನು ಕೆಳಗಿನಿಂದ ಓದಿದರೆ ನಮ್ಮಿಬ್ಬರ ಹೆಸರು ಬೇಗ ಸಿಗುತ್ತವೆ ಅನ್ನೋದು ಬೇರೆ ಮಾತು.

ವಾಪಸ್ ಬರುವಾಗ ಸೀಟು ಹಿಂದೆ ಸರಿಯಲಿಲ್ಲವಾದ್ದರಿಂದ ದಾವಣಗೆರೆವರೆಗೆ ನಾನೇ ಓಡಿಸಿದೆ. ಭಾವ ಪಕ್ಕದಲ್ಲಿ ಕೂತು ಪ್ರತಿ ತಿರುವಿಗೂ "ಕೋನ್, ಕೋನ್" ಅನ್ನುತ್ತಿದ್ದರು. ರಾತ್ರಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಲೆಕ್ಕದ ಪುಸ್ತಕ ತೆಗೆದು, ಟೇಪು, ಪೆನ್ಸಿಲು, ಸೀಟ್ ಪಟ್ಟಿ ರಿಪೇರಿ ಎಲ್ಲ ಬರೆದು, ಪೆನ್ನು ಜೇಬಿಗಿಟ್ಟರು.

"ಮುಂದಿನ ಸಲಕ್ಕೆ ಟೇಪಿನ ಸಹವಾಸ ಬೇಡ ತಮ್ಮಾ. ತಗಡಿನಲ್ಲಿ ಒಂದೇ ನಂಬರ್ ಬರೆಸಿ, ಮಧ್ಯಕ್ಕೆ ಒಂದು ಮೊಳೆ ಹೊಡೆದು ಬಾಗಿಲಿಗೆ ಕೂರಿಸೋಣ. ನಿಂದು 6, ನಂದು 9. ತಿರುಗಿಸಿದ್ರೆ ಆಯ್ತು."

ಅಕ್ಕ ಮಿರ್ಚಿಯ ತೊಟ್ಟು ತಟ್ಟೆಗೆ ಹಾಕಿ ಕೇಳಿದಳು, "ಆಟ ಎಲ್ಲಿ? ಚಿತ್ರದುರ್ಗದಲ್ಲೇನಾ?"