ಬೀಗ ಹಾಕಿದ ಬಾಣಲೆ

ನಿವೃತ್ತನಾದ ಗಣಿತದ ಮಾಸ್ತರನಿಗೆ ವ್ಯಾಪಾರದ ಹುಚ್ಚು ಹಿಡಿದರೆ ಊರಿನವರು ನಾಲ್ಕು ಹೆಜ್ಜೆ ದೂರ ನಿಲ್ಲುವುದು ಒಳ್ಳೆಯದು. ನನಗೆ ಹುಚ್ಚು ಹಿಡಿಸಿದವನು ಮೊಮ್ಮಗ. ದೀಪಾವಳಿ ರಜೆಗೆ ಗದಗಕ್ಕೆ ಬಂದವನು ಗೇಮ್ ಕನ್ಸೋಲ್, ಅಂದರೆ ಟೀವಿಗೆ ಜೋಡಿಸಿ ವಿಡಿಯೊ ಆಟ ಆಡುವ ಪೆಟ್ಟಿಗೆ, ಬೇಕೆಂದು ಹಟ ಹಿಡಿದ. ಮೂರು ದಿನ ಕೂತು ಆ ವ್ಯಾಪಾರದ ಕುಲಗೋತ್ರವನ್ನೆಲ್ಲ ಓದಿದೆ. ನಾಲ್ಕನೆಯ ದಿನ ಪತ್ತಿನ ಸಹಕಾರಿ ಸಂಘಕ್ಕೆ ಹೋಗಿ 5 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಬರೆದೆ. ‘ಸಾಲದ ಉದ್ದೇಶ’ ಎಂಬಲ್ಲಿ ಮುಚ್ಚುಮರೆಯಿಲ್ಲದೆ ತುಂಬಿದೆ: ನಷ್ಟ ಮಾಡಿಕೊಳ್ಳಲು.

ಮ್ಯಾನೇಜರ್ ನನ್ನ ಹಳೆಯ ವಿದ್ಯಾರ್ಥಿ. ಊರಿಗೆಲ್ಲ ಅವರು, ನನಗೆ ಇನ್ನೂ ಅವನು. ಏಳನೆಯ ತರಗತಿಯಲ್ಲಿ ಲಾಭ-ನಷ್ಟದ ಲೆಕ್ಕ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನ ತಲೆಯ ಮೇಲ್ಗಡೆ ಸಿದ್ದನಗೌಡ ಪಾಟೀಲರ ಭಾವಚಿತ್ರ. 1905ರಲ್ಲಿ, ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ, ರೈತನ ಕೊರಳಿನಿಂದ ಬಡ್ಡಿಯ ಉರುಳು ತಪ್ಪಿಸಲು ಸಹಕಾರ ಸಂಘ ಕಟ್ಟಿದ ಹಿರಿಯರು ಅವರು. ನನ್ನ ಅರ್ಜಿಯನ್ನು ಅವರೂ ಓದುತ್ತಿರುವಂತೆ ಕಂಡಿತು.

“ಏನು ವ್ಯಾಪಾರ ಮಾಸ್ತರರೇ?”

“ಮಿರ್ಚಿ ಕರಿಯುವ ಬಾಣಲೆ. ಗದಗ-ಬೆಟಗೇರಿಯ ಪ್ರತಿ ಮನೆಗೂ ಒಂದು.”

“ತಯಾರಿಸಲು ಎಷ್ಟು ಬೀಳುತ್ತದೆ?”

“840.”

“ಮಾರುವ ಬೆಲೆ?”

“599.”

ಅವನು ಪೆನ್ನನ್ನು ಕೆಳಗಿಟ್ಟ. “ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಇದೇ ಲೆಕ್ಕಕ್ಕೆ.”

ಅಂಕಿಗಳು ನನ್ನವಲ್ಲ ಎಂದು ವಿವರಿಸಿದೆ. 2006ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಅಂಗಡಿಗೆ ಬಂದಾಗ ದೊಡ್ಡ ಮಾದರಿಯ ಬೆಲೆ 599 ಡಾಲರ್. ಅದನ್ನು ಬಿಚ್ಚಿ ಒಳಗಿನ ಬಿಡಿಭಾಗಗಳನ್ನು ಎಣಿಸಿದವರು ಕಟ್ಟಿದ ಅಂದಾಜು ಸುಮಾರು 840 ಡಾಲರ್. ಡಾಲರನ್ನು ರೂಪಾಯಿ ಮಾಡಿಕೊಂಡದ್ದಷ್ಟೇ ನನ್ನ ಸ್ವಂತ ಬುದ್ಧಿ. ಮೈಕ್ರೋಸಾಫ್ಟ್‌ನವರಂತೂ 2021ರಲ್ಲಿ ನ್ಯಾಯಾಲಯದಲ್ಲೇ ಹೇಳಿದರು, ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ತಾವು ಎಂದೂ ಲಾಭ ಕಂಡವರಲ್ಲ ಎಂದು. ಪ್ರಮಾಣ ಮಾಡಿ ಹೇಳಿದ ಮಾತು.

“ಹಾಗಾದರೆ ಕಾಸು ಎಲ್ಲಿಂದ?”

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಕನ್ಸೋಲಿನವರು ಕಾಸು ಕಾಣುವುದು ಪೆಟ್ಟಿಗೆಯಲ್ಲಲ್ಲ, ಅದರಲ್ಲಿ ಆಡುವ ಆಟಗಳಲ್ಲಿ. ಹಾಗೆಯೇ ನಮ್ಮ ಬಾಣಲೆಗೂ ಒಂದು ಬೀಗ ಇರುತ್ತದೆ. ನಮ್ಮ ಮುದ್ರೆಯಿಲ್ಲದ ಮೆಣಸಿನಕಾಯಿ ಬಿದ್ದರೆ ಎಣ್ಣೆ ಕಾಯುವುದೇ ಇಲ್ಲ. ಮುದ್ರೆ ಬೇಕಾದರೆ ಕಾಯಿ ಮಾರುವವನು ರೂಪಾಯಿಗೆ 30 ಪೈಸೆ ನಮಗೆ ಒಪ್ಪಿಸಬೇಕು. ಒಬ್ಬನೇ ಕರಿದು ಒಬ್ಬನೇ ತಿಂದರೆ ಉಚಿತ. ಪಕ್ಕದ ಮನೆಯವರ ಜೊತೆ ಕೂತು ತಿನ್ನಬೇಕೆಂದರೆ ತಿಂಗಳ ಚಂದಾ. ಕಟ್ಟೆ ಅವನದು, ಎಣ್ಣೆ ಅವನದು, ನೆರೆಯವನೂ ಅವನವನೇ. ಚಂದಾ ಮಾತ್ರ ನಮ್ಮದು. ಜಗತ್ತಿನಾದ್ಯಂತ ಮಕ್ಕಳು ಸ್ನೇಹಿತರೊಡನೆ ಆಡಲು ಇಂಟರ್ನೆಟ್ ಬಿಲ್ಲಿನ ಮೇಲೆ ಈ ಚಂದಾವನ್ನೂ ಕಟ್ಟುತ್ತಿದ್ದಾರೆ, ಯಾರೂ ದೂರಿಲ್ಲ. ದೂರಿದವರೂ ಕಟ್ಟುತ್ತಿದ್ದಾರೆ.

ನನ್ನ ತರಗತಿಯಲ್ಲಿದ್ದಾಗಲೂ ಮ್ಯಾನೇಜರ್ ಚುರುಕಾಗಿದ್ದ, ಬರಹ ಮಾತ್ರ ಕೆಟ್ಟದ್ದು. “ಯಾರೋ ಬಾಣಲೆ ಕೊಂಡು ಮಿರ್ಚಿಯನ್ನೇ ಕರಿಯದಿದ್ದರೆ? ಅಗ್ಗ ಸಿಕ್ಕಿತೆಂದು ನೂರು ಬಾಣಲೆ ಒಯ್ದು ಮಾಳಿಗೆಗೆ ಬೋರಲು ಹೊದಿಸಿದರೆ?”

ಹಾಗೂ ಆಗಿದೆ. ಅಮೆರಿಕದ ವಾಯುಪಡೆಯ ಪ್ರಯೋಗಾಲಯ 1,760 ಪ್ಲೇಸ್ಟೇಷನ್ 3 ಪೆಟ್ಟಿಗೆಗಳನ್ನು ಒಂದಕ್ಕೊಂದು ಪೋಣಿಸಿ 2010ರಲ್ಲಿ ಸೂಪರ್ ಕಂಪ್ಯೂಟರ್ ಕಟ್ಟಿಕೊಂಡಿತು. ಸೂಪರ್ ಕಂಪ್ಯೂಟರಿಗೆ ಯಾರು ಕ್ರಿಕೆಟ್ ಆಟದ ಡಿಸ್ಕ್ ಕೊಡಿಸುತ್ತಾರೆ?

“ಬಾಣಲೆ ಬಿರುಕು ಬಿಟ್ಟರೆ?”

ಎಕ್ಸ್‌ಬಾಕ್ಸ್ 360 ಹಾಗೆಯೇ ಕೈಕೊಟ್ಟಿತ್ತು. ಮುಂಭಾಗದಲ್ಲಿ ಕೆಂಪು ದೀಪ ಉರಿಯಿತೆಂದರೆ ಕಥೆ ಮುಗಿದಂತೆ. ರಿಪೇರಿಗೆಂದು 2007ರಲ್ಲಿ 100 ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು.

“ಜಾಮೀನುದಾರರು ಯಾರು?”

ಇಲ್ಲಿ ನನ್ನ ದನಿ ಸ್ವಲ್ಪ ಇಳಿಯಿತು. ಸೆಗಾ ಕಂಪನಿ ಡ್ರೀಮ್‌ಕಾಸ್ಟ್ ಎಂಬ ಪೆಟ್ಟಿಗೆ ಮಾಡಿ, ಬೆಲೆ ಇಳಿಸಿ ಇಳಿಸಿ, 2001ರಲ್ಲಿ ಆ ಅಂಗಡಿಯನ್ನೇ ಮುಚ್ಚಿತು. ಅದರ ಮುಖ್ಯಸ್ಥ ಇಸಾವೊ ಒಕಾವಾ ಸಾಯುವ ಮುನ್ನ ತಮ್ಮ ಸ್ವಂತ ಷೇರುಗಳನ್ನು, ಸುಮಾರು 70 ಕೋಟಿ ಡಾಲರಿನಷ್ಟು, ಕಂಪನಿಗೇ ಬಿಟ್ಟುಕೊಟ್ಟರು. ಅಂಥ ಜಾಮೀನುದಾರ ಬೆಟಗೇರಿಯಲ್ಲಿ ನನಗೆ ಸಿಕ್ಕಿಲ್ಲ. ನನ್ನ ಅಳಿಯನನ್ನು ಕೇಳಿದ್ದೆ. ಮರುದಿನವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಾವೇರಿಗೆ ಹೋದ.

“ಬಾಣಲೆ ಮಾರಿಯೇ ಕಾಸು ಕಂಡವರು ಒಬ್ಬರೂ ಇಲ್ಲವೇ?”

ಇದ್ದಾರೆ. ನಿಂಟೆಂಡೊ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟ್ ಎಲೆ ಮಾಡಲು ಶುರುಮಾಡಿದ ಮನೆ. ಇಸ್ಪೀಟಿನವರಿಗೆ ಲೆಕ್ಕ ಗೊತ್ತಿರುತ್ತದೆ. 2006ರಲ್ಲಿ ಅವರ ವೀ ಪೆಟ್ಟಿಗೆ ಬಂದಾಗ ಬೆಲೆ 250 ಡಾಲರ್, ಅದರಲ್ಲೇ ಲಾಭ. 10 ಕೋಟಿಗೂ ಹೆಚ್ಚು ಮಾರಿದರು. ನಂತರ ಅದರ ತಮ್ಮನಾಗಿ ವೀ ಯು ಹುಟ್ಟಿತು. ಅದು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ನಡುವೆ 2011ರಲ್ಲಿ ಕೈಯಲ್ಲಿ ಹಿಡಿದು ಆಡುವ ಪೆಟ್ಟಿಗೆಯೊಂದರ ಬೆಲೆಯನ್ನು ಆರೇ ತಿಂಗಳಲ್ಲಿ 250ರಿಂದ 170 ಡಾಲರಿಗೆ ಇಳಿಸಿದಾಗ ಕಂಪನಿಯ ಅಧ್ಯಕ್ಷ ಸಟೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು.

ಮ್ಯಾನೇಜರ್ ಥಟ್ಟನೆ ಎದ್ದು ಬಾಗಿಲು ಮುಚ್ಚಿದ. ಪಕ್ಕದ್ದು ಸಂಘದ ಅಧ್ಯಕ್ಷರ ಕೋಣೆ. “ಇಂಥ ಉದಾಹರಣೆಗಳನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಡಿ ಮಾಸ್ತರರೇ.”

ಕೊನೆಯ ಅಸ್ತ್ರ ಬಿಟ್ಟೆ. ಬಾಣಲೆ ಮಾರಾಟವಾಗದಿದ್ದರೆ ಮೆಣಸಿನಕಾಯಿಯ ಹೊಲಗಳನ್ನೇ ಕೊಳ್ಳುವುದು. ಮೈಕ್ರೋಸಾಫ್ಟ್ 2023ರಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಎಂಬ ಆಟದ ಕಂಪನಿಯನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. ಮೂರು ತಿಂಗಳ ಮೇಲೆ ಆಟದ ವಿಭಾಗದ 1,900 ಜನರನ್ನು ಮನೆಗೆ ಕಳಿಸಿತು. ಹೊಲ ಕೊಂಡವನು ಕಳೆ ತೆಗೆಯುವವರನ್ನು ಓಡಿಸಿದ ಹಾಗೆ.

ಅವನು ಅರ್ಜಿಯನ್ನು ಮಡಚಿ ಮೃದುವಾಗಿ ನನ್ನತ್ತ ಸರಿಸಿದ. “5 ಲಕ್ಷ ಮುಳುಗಿದರೆ ನಮ್ಮಲ್ಲಿ ಅದಕ್ಕೆ ಸುಸ್ತಿ ಎನ್ನುತ್ತಾರೆ, ನೋಟಿಸ್ ಬರುತ್ತದೆ. ನೀವು ಹೇಳುವಷ್ಟು ಮುಳುಗಿದರೆ ದೂರದೃಷ್ಟಿ ಎನ್ನುತ್ತಾರೆ. ದೂರದೃಷ್ಟಿಗೆ ಸಾಲ ಕೊಡಲು ಸಂಘದ ಬೈಲಾದಲ್ಲಿ ಅವಕಾಶವಿಲ್ಲ.”

ಎದ್ದು ಹೊರಟೆ. ಬಾಗಿಲ ತನಕ ಬಂದವನು ದನಿ ತಗ್ಗಿಸಿದ. “ನಮ್ಮ ಹುಡುಗನೂ ಆ ಪ್ಲೇಸ್ಟೇಷನ್ 5 ಕೇಳುತ್ತಿದ್ದಾನೆ. ಹಳೆಯದಾಗಲಿ, ಅಗ್ಗವಾಗುತ್ತದೆ ಎಂದು ಕಾಯುತ್ತಿದ್ದೇನೆ.”

“2021ರ ಫೆಬ್ರುವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ ಇತ್ತು” ಎಂದೆ. “ಮರುವರ್ಷ ನವೆಂಬರಿನಲ್ಲಿ ಅದೇ ಪೆಟ್ಟಿಗೆ 54,990 ಆಯಿತು.”

ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಒಳಗೆ ಹೋಗಿ ಕಪಾಟು ತೆರೆದು, ಸಿಬ್ಬಂದಿ ಸಾಲದ ನಮೂನೆಯೊಂದನ್ನು ಎಳೆದು ಮೇಜಿನ ಮೇಲೆ ಹರವಿದ. ಹೆಸರು, ಹುದ್ದೆ, ಮೊತ್ತ ತುಂಬಿ ತಲೆಯೆತ್ತಿದ.

“ಉದ್ದೇಶ ಎಂಬಲ್ಲಿ ಏನು ಬರೆಯಲಿ ಮಾಸ್ತರರೇ?”

ಮೂವತ್ತೆಂಟು ವರ್ಷದ ನೌಕರಿಯಲ್ಲಿ ಯಾವ ಹುಡುಗನಿಗೂ ಕೊಡದ ಅನುಮತಿಯನ್ನು ಅಂದು ಕೊಟ್ಟೆ. ನನ್ನ ಅರ್ಜಿಯನ್ನು ಬಿಡಿಸಿ ಅವನ ಮುಂದಿಟ್ಟು, “ನಕಲು ಮಾಡು” ಎಂದೆ.