ಅಜ್ಜನ ಕುರ್ಚಿಗೆ ಪಿಯು ಬೇಡ, ಚಪಡಾ ಸಾಕು

ಅಜ್ಜನ ಕಾಲದ ಎರಡು ತೇಗದ ಕುರ್ಚಿ ನಮ್ಮ ಮನೆಯಲ್ಲಿವೆ. ಹೋದ ವರ್ಷ ಒಂದನ್ನು ಪಾಲಿಶ್ ಅಂಗಡಿಗೆ ಕೊಟ್ಟೆ. ಅವರು ಮೆಷಿನ್ ಹಾಕಿ ಹಳೆಯ ಮೈಯನ್ನೆಲ್ಲ ಉಜ್ಜಿ ತೆಗೆದು, ದಪ್ಪಗೆ ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ತರಹದ ಪಾಲಿಶ್) ಹೊಡೆದು ಕಳಿಸಿದರು. ಫಳಫಳ ಹೊಳೀತಿತ್ತು ನಿಜ. ಆದರೆ ಅಜ್ಜ ದಿನಾ ಕೈ ಊರುತ್ತಿದ್ದ ಜಾಗದ ಆ ಕಂದು ಬಣ್ಣ ಮಾಯವಾಗಿತ್ತು. ಆರು ತಿಂಗಳಲ್ಲಿ ಒಂದು ಗೀರು ಬಿತ್ತು. ಅದೊಂದನ್ನೇ ಸರಿಮಾಡಿ ಅಂದರೆ ಆಗಲ್ಲ, ಪೂರ್ತಿ ಕೆರೆದು ಮತ್ತೆ ಹೊಡೀಬೇಕು ಅಂದರು.

ಇನ್ನೊಂದು ಕುರ್ಚಿಯನ್ನು ಊರಿನ ಆಚಾರ್ರ ಹತ್ತಿರ ಒಯ್ದೆ. ಅವರು ಬಟ್ಟೆಗೆ ಒಂದು ತೊಟ್ಟು ಸ್ಪಿರಿಟ್ ಹಾಕಿ ಕಾಲಿನ ಒಳಬದಿ ಉಜ್ಜಿದರು. ಅಂಟಂಟಾಯಿತು. "ಇದು ಚಪಡಾ ಅಕ್ಕ. ಕೆರೆಯೋದೇ ಬೇಡ. ಇದರ ಮೇಲೆ ಇದನ್ನೇ ಹಚ್ಚಿದ್ರೆ ಆಯ್ತು" ಅಂದರು.

ಚಪಡಾ ಅಂದರೆ ನಮ್ಮ ಅರಗೇ. ಪಾಂಡವರ ಅರಗಿನ ಮನೆಯ ಅರಗು. ಸ್ಪಿರಿಟ್‌ನಲ್ಲಿ ಕರಗುತ್ತದೆ, ಸ್ಪಿರಿಟ್ ಆರಿದರೆ ಗಟ್ಟಿಯಾಗುತ್ತದೆ. ಹೊಸದಾಗಿ ಹಚ್ಚಿದ್ದು ಹಳೆಯದನ್ನೂ ಸ್ವಲ್ಪ ಕರಗಿಸಿ ಅದರ ಜೊತೆ ಒಂದಾಗುತ್ತದೆ. ಪಿಯುಗೆ ಇಲ್ಲದ ಗುಣ ಇದು.

ಇದು ಬರೋದು ಎಲ್ಲಿಂದ ಗೊತ್ತಾ? ಹೆಚ್ಚಾಗಿ ಜಾರ್ಖಂಡ್, ಛತ್ತೀಸ್‌ಗಢದ ಕಡೆಯಿಂದ. ನಾವು ಊಟದೆಲೆ ಹಚ್ಚುವ ಮುತ್ತುಗ ಇದೆಯಲ್ಲ, ಆ ಮರದ ಎಳೆ ಕೊಂಬೆಗೆ ಅರಗಿನ ಹುಳು ಇರುವ ಕಡ್ಡಿಗಳನ್ನು ಕಟ್ಟುತ್ತಾರೆ. ಬೋರೆ ಮರಕ್ಕೂ ಕಟ್ಟುತ್ತಾರೆ. ಸಾಸಿವೆಗಿಂತ ಚಿಕ್ಕ ಮರಿಗಳು ಹರಿದು ಹೋಗಿ, ಕೊಂಬೆಗೆ ಬಾಯಿ ಚುಚ್ಚಿ ರಸ ಹೀರುತ್ತಾ, ಮೈಸುತ್ತ ಅರಗು ಸುರಿಸಿ ಅದರೊಳಗೇ ಕೂರುತ್ತವೆ. ಆ ಕೊಂಬೆ ಕಡಿದು, ಅರಗು ಕೆರೆದು, ಪುಡಿ ಮಾಡಿ ತೊಳೆಯುತ್ತಾರೆ. ಕೆಂಪು ಬಣ್ಣ ನೀರಲ್ಲಿ ಹೋಗಿ ಕಾಳು ಕಾಳಾದ ಅರಗು ಉಳಿಯುತ್ತದೆ.

ಮುಂದಿನದ್ದು ನನಗೆ ತುಂಬಾ ಇಷ್ಟ. ಆ ಕಾಳನ್ನು ಉದ್ದನೆಯ ಬಟ್ಟೆ ಚೀಲಕ್ಕೆ ತುಂಬಿ ಇದ್ದಿಲ ಒಲೆಯ ಮುಂದೆ ಹಿಡಿಯುತ್ತಾರೆ. ಚೀಲದ ಇನ್ನೊಂದು ತುದಿಯಲ್ಲಿ ಕೂತವರು ಅದನ್ನು ತಿರುಚುತ್ತಾ ಹೋಗುತ್ತಾರೆ, ನಾವು ಒದ್ದೆ ಬಟ್ಟೆ ಹಿಂಡೋ ಹಾಗೆ. ಕರಗಿದ ಅರಗು ಬಟ್ಟೆಯಿಂದ ಜಿನುಗುತ್ತದೆ, ಕಸ ಒಳಗೇ ಉಳಿಯುತ್ತದೆ. ಬಿಸಿ ಇರುವಾಗಲೇ ಅದನ್ನು ರೊಟ್ಟಿಯಂತೆ ಹರಡಿ, ಒಬ್ಬ ಕೆಲಸಗಾರ ಎತ್ತಿಕೊಂಡು ಕೈ, ಕಾಲ್ಬೆರಳು, ಹಲ್ಲು ಎಲ್ಲದರಿಂದ ಹಿಡಿದು ನಾಲ್ಕೂ ಕಡೆ ಎಳೆಯುತ್ತಾನೆ. ಬೆಂಕಿಯ ಎದುರು, ಬರಿಮೈಯಲ್ಲಿ. ಜೇನಿನ ಬಣ್ಣದ ತೆಳು ಹಾಳೆ ಆಗುತ್ತದೆ. ಅದು ಆರಿದ ಮೇಲೆ ಮುರಿದರೆ ಚಪಡಾ. ಈಗ ಜಾಸ್ತಿ ಕೆಲಸ ಮೆಷಿನ್‌ನಲ್ಲೇ ಆಗುತ್ತದೆ. ಆದರೂ ಆ ಕೆಲಸಗಾರನನ್ನು ನೆನೆಯದೆ ನನಗೆ ಚಪಡಾ ಮುಟ್ಟೋಕಾಗಲ್ಲ.

ಆಚಾರ್ರು ಚಪಡಾ ಚೂರನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಸ್ಪಿರಿಟ್‌ಗೆ ನೆನೆಹಾಕಿದ್ದರು. ಹತ್ತಿ ಉಂಡೆಯನ್ನು ಹಳೇ ಪಂಚೆ ತುಂಡಲ್ಲಿ ಸುತ್ತಿ, ಅದ್ದಿ, ಎಲ್ಲೂ ನಿಲ್ಲಿಸದೆ ಕೈ ಆಡಿಸಿದರು. ನಿಂತರೆ ಅಲ್ಲೇ ಅಂಟುತ್ತದೆ. ತೆಳುವಾಗಿ ಒಂದು ಕೈ, ಆರಲು ಬಿಡೋದು, ಸವೆದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜೋದು, ಮತ್ತೊಂದು ಕೈ. ಮಳೆ ಹಿಡಿದ ದಿನ ಮುಟ್ಟಲೇ ಇಲ್ಲ. ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದಂತೆ.

ನಮ್ಮ ಚನ್ನಪಟ್ಟಣದಲ್ಲಿ ಸ್ಪಿರಿಟ್ ಕೂಡ ಬೇಡ. ಲೇತ್ ಮೆಷಿನ್‌ನಲ್ಲಿ ತಿರುಗುತ್ತಿರುವ, ಆಲೆ ಅನ್ನೋ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು. ಆ ಗೊಂಬೆ ಆಡಿ ಬೆಳೆದ ನಾವು ಮನೆಯ ಮರಕ್ಕೆ ಮಾತ್ರ ಪಿಯುನೇ ಬೇಕು ಅಂತೀವಿ.

ಚಪಡಾಕ್ಕೆ ಬಿಸಿ, ನೀರು ಆಗಲ್ಲ. ಊಟದ ಮೇಜಿಗೆ, ಹೊರಗಿನ ಬಾಗಿಲಿಗೆ ನಾನೂ ಬೇಡ ಅಂತೀನಿ. ಆದರೆ ಒಳಗಿನ ಕುರ್ಚಿ, ಪೆಟ್ಟಿಗೆ, ತೊಟ್ಟಿಲನ್ನು ಕೆರೆಯೋಕೆ ಕೊಡೋ ಮುಂಚೆ ಮರೆಯ ಜಾಗದಲ್ಲಿ ಒಂದು ತೊಟ್ಟು ಸ್ಪಿರಿಟ್ ಹಾಕಿ ನೋಡಿ, ದಯವಿಟ್ಟು.

ಹೋದ ವಾರ ಅಣ್ಣ ಆ ಕುರ್ಚಿಯ ಕೈ ಮೇಲೆ ಬಿಸಿ ಕಾಫಿ ಲೋಟ ಇಟ್ಟ. ಬಿಳಿ ಉಂಗುರ ಬಿತ್ತು. ಆಚಾರ್ರು ಬಂದು ಸ್ಪಿರಿಟ್ ಬಟ್ಟೆಯಿಂದ ಹಗುರಾಗಿ ನಾಲ್ಕು ಸಲ ಸವರಿದರು. ಉಂಗುರ ಹೋಯಿತು. ಅಜ್ಜನ ಕೈಯ ಕಂದು ಬಣ್ಣ ಅಲ್ಲೇ ಇತ್ತು.