ಐಡಲಿಂಗ್‌ನಲ್ಲಿ ಅದುರೋ ಹಳೇ ಪಿಕಪ್ಪು: ಊರಿನ ಕಿವಿ, ಇಲ್ಲಿಯ ಗೇಜು

ಅಮೆರಿಕದಲ್ಲಿ ಹಳೇ ಪಿಕಪ್ ಟ್ರಕ್ ಇಟ್ಕೊಂಡಿರೋರನ್ನ ಮಾತಾಡಿಸಿದ್ರೆ ಒಂದು ದೂರು ಬಂದೇ ಬರುತ್ತೆ, ಹೈವೇಲಿ ಏನೂ ತೊಂದ್ರೆ ಇಲ್ಲ, ಸಿಗ್ನಲ್‌ನಲ್ಲಿ ನಿಲ್ಸಿದ ತಕ್ಷಣ ಸೀಟು ಸ್ಟೀರಿಂಗು ಎಲ್ಲಾ ಅದುರುತ್ತೆ, ಆರ್‌ಪಿಎಂ ಮೇಲೆ ಕೆಳಗೆ ಆಡುತ್ತೆ, ಕೆಲವು ಸಲ ಆಫೇ ಆಗ್ಬಿಡುತ್ತೆ. ನಮ್ಮ ಕಡೆ ಗ್ಯಾರೇಜಲ್ಲಿ ಇದನ್ನೇ "ಗಾಡಿ ಮಿಸ್ಸಿಂಗ್ ಇದೆ, ಐಡಲಿಂಗ್ ನಿಲ್ತಾ ಇಲ್ಲ" ಅಂತಾರೆ. ಮಿಸ್ಸಿಂಗ್ ಅಂದ್ರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೇ ಇರೋದು, ಐಡಲಿಂಗ್ ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡ್ತಿರೋದು. ನಾನು ತಿಪಟೂರು ಕಡೆಯವನು, ಈಗ ಒಹಾಯೋದಲ್ಲಿದ್ದೀನಿ, ಎರಡೂ ಕಡೆ ಗ್ಯಾರೇಜ್ ಮುಂದೆ ನಿಂತು ಕೆಲ್ಸ ನೋಡೋದು ನನಗೆ ಚಿಕ್ಕಂದಿನಿಂದ ಇರೋ ಹುಚ್ಚು. ನೇರವಾಗಿ ಹೇಳ್ಬೇಕಂದ್ರೆ ಇಲ್ಲಿ ಅಳತೆ ಮಾಡೋಕೆ ಬೇಕಾದ ಸಾಮಾನೆಲ್ಲಾ ಇದೆ, ಆದ್ರೂ ಜನ ಅಳೆಯೋಕಿಂತ ಮುಂಚೆ ಪಾರ್ಟ್ ತಂದು ಹಾಕ್ತಾರೆ. ನಮ್ಮೂರ ಮೇಸ್ತ್ರಿ ಮೊದಲು ಹುಡುಕ್ತಾನೆ, ಪಾಪ ಅವನ ಕೈಲಿ ಗೇಜ್ ಇಲ್ಲ.

ಯಾವ ಗಾಡಿ ಬಗ್ಗೆ ಮಾತಾಡ್ತಿದ್ದೀನಿ ಅಂತ ಮೊದಲು ಹೇಳ್ಬಿಡ್ತೀನಿ. ಜನರಲ್ ಮೋಟರ್ಸ್‌ನವರ 1987ರಿಂದ 1995ರವರೆಗಿನ ದೊಡ್ಡ ಪಿಕಪ್‌ಗಳು, ಅದ್ರಲ್ಲೂ 5.7 ಲೀಟರ್ ವಿ8, ಅಂದ್ರೆ ಎರಡು ಸಾಲಲ್ಲಿ ಎಂಟು ಸಿಲಿಂಡರ್ ಇರೋವು, ಇವತ್ತಿಗೂ ಇಲ್ಲಿ ಹಳ್ಳಿ ಕಡೆ ಹುಲ್ಲು ಹೊರೆ ಹೊತ್ಕೊಂಡು ಓಡ್ತಾವೆ. ಇದ್ರಲ್ಲಿರೋದು ಥ್ರಾಟಲ್ ಬಾಡಿ ಇಂಜೆಕ್ಷನ್, ಬಾಯಲ್ಲಿ ಟಿಬಿಐ. ಮೊದಲು ಕಾರ್ಬ್ಯುರೇಟರ್ ಕೂತಿರ್ತಿದ್ದ ಜಾಗದಲ್ಲೇ ಒಳಗೆ ಹೋಗೋ ಗಾಳಿನ ಹಿಡಿದು ಬಿಡೋ ಒಂದು ಥ್ರಾಟಲ್ ಬಾಡಿ, ಅದ್ರ ತಲೆ ಮೇಲೆ ಎರಡು ಇಂಜೆಕ್ಟರ್, ಅವು ಮೇಲಿಂದ ಪೆಟ್ರೋಲ್ ಸಿಂಪಡಿಸ್ತಾವೆ, ಅಲ್ಲಿಂದ ಮ್ಯಾನಿಫೋಲ್ಡ್ ಅನ್ನೋ ಹಂಚೋ ಕೊಳವೆಗಳ ಮೂಲಕ ಎಂಟೂ ಸಿಲಿಂಡರ್‌ಗೆ ಹೋಗುತ್ತೆ. ಒಳಗೆ ಎಷ್ಟು ಗಾಳಿ ಹೋಗ್ತಿದೆ ಅಂತ ನೇರವಾಗಿ ಅಳೆಯೋ ಮೀಟರ್ ಇದ್ರಲ್ಲಿಲ್ಲ. ಮ್ಯಾನಿಫೋಲ್ಡ್ ಒತ್ತಡ ಹೇಳೋ ಮ್ಯಾಪ್ ಸೆನ್ಸರ್, ಆರ್‌ಪಿಎಂ, ಕೂಲೆಂಟ್ ಟೆಂಪರೇಚರ್, ಇವನ್ನ ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಇಲ್ಲಿಯ ರೂಢಿ ನೋಡಿ. ಡ್ಯಾಶ್‌ಬೋರ್ಡ್ ಕೆಳಗಿರೋ ಕನೆಕ್ಟರ್‌ನಲ್ಲಿ ಎ ಮತ್ತೆ ಬಿ ಅನ್ನೋ ಎರಡು ಪಿನ್ ಮಧ್ಯೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದ್ರೆ ಚೆಕ್ ಎಂಜಿನ್ ದೀಪ ಮಿನುಗೋಕೆ ಶುರು ಮಾಡುತ್ತೆ. ಒಂದು ಸಲ, ಸ್ವಲ್ಪ ಬಿಟ್ಟು ಎರಡು ಸಲ, ಅದು ಕೋಡ್ 12, ಎಂಜಿನ್ ಓಡ್ತಿಲ್ಲವಾದ್ರಿಂದ ಅದು ಬರಲೇಬೇಕು. ಮೂರು ಸಲ 12 ಹೇಳಿದ ಮೇಲೆ ನೆನಪಲ್ಲಿಟ್ಕೊಂಡಿರೋ ಬೇರೆ ಕೋಡ್‌ಗಳನ್ನ ಹೇಳುತ್ತೆ. ಸ್ಕ್ಯಾನರ್ ಬೇಡ, ಕಾಸು ಬೇಡ, 1996ಕ್ಕೆ ಒಬಿಡಿ-2, ಅಂದ್ರೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದೋ ಏಕರೂಪದ ಪದ್ಧತಿ, ಕಡ್ಡಾಯ ಆಗೋ ಮುಂಚಿನ ಈ ಏರ್ಪಾಡು ನನಗೆ ಬಹಳ ಇಷ್ಟ. ತೊಂದ್ರೆ ಶುರುವಾಗೋದು ಕೋಡ್ ಬಂದ ಮೇಲೆ. 44 ಬಂತು ಅನ್ಕೊಳ್ಳಿ, ಅಂದ್ರೆ ಆಕ್ಸಿಜನ್ ಸೆನ್ಸರ್ 'ಲೀನ್' ಅಂತಿದೆ, ಹೊಗೇಲಿ ಆಕ್ಸಿಜನ್ ಜಾಸ್ತಿ ಇದೆ ಅಂತ. ಅಂಗಡಿಗೆ ಹೋಗಿ 44 ಅಂದ್ರೆ ಕೌಂಟರ್‌ನಲ್ಲಿರೋ ಹುಡುಗ ಹೊಸ ಆಕ್ಸಿಜನ್ ಸೆನ್ಸರ್ ತಂದಿಡ್ತಾನೆ, ಹಾಕಿದ್ರೂ ಅದುರೋದು ನಿಲ್ಲಲ್ಲ, ಆಮೇಲೆ ಮ್ಯಾಪ್ ಸೆನ್ಸರ್, ಆಮೇಲೆ ಸ್ವಲ್ಪ ಹೊಗೇನ ವಾಪಸ್ ಎಂಜಿನ್ ಒಳಗೆ ಬಿಡೋ ಇಜಿಆರ್ ವಾಲ್ವ್, ಹೀಗೆ ಹೊಸ ಪಾರ್ಟ್‌ಗಳ ರಾಶಿ ಬೀಳುತ್ತೆ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳಿದ್ರೆ ಯಾರಾದ್ರೂ ಥರ್ಮಾಮೀಟರ್ ಬದಲಾಯಿಸ್ತಾರಾ? ಒಂದು ಸಿಲಿಂಡರ್‌ನಲ್ಲಿ ಸ್ಪಾರ್ಕ್ ಸರಿಯಿಲ್ದೆ ಮಿಸ್ ಆಗ್ತಿದ್ರೆ ಆ ಸಿಲಿಂಡರ್‌ಗೆ ಹೋದ ಗಾಳಿ ಉರಿಯದೆ ಹಾಗೇ ಹೊರಗೆ ಬರುತ್ತೆ, ಆಕ್ಸಿಜನ್ ಸೆನ್ಸರ್ ಆ ಸಿಲಿಂಡರ್ ಇರೋ ಸಾಲಿನ ಕಡೆಗೇ ಇದ್ರೆ ಆ ಆಕ್ಸಿಜನ್ ನೋಡಿ ಲೀನ್ ಅನ್ನುತ್ತೆ, ಕಂಪ್ಯೂಟರ್ ಅದನ್ನ ನಂಬಿ ಪೆಟ್ರೋಲ್ ಜಾಸ್ತಿ ಮಾಡುತ್ತೆ, ಚೆನ್ನಾಗಿದ್ದ ಉಳಿದ ಸಿಲಿಂಡರ್‌ಗಳ ಪ್ಲಗ್ಗೂ ಕಪ್ಪಾಗುತ್ತೆ. ಸೆನ್ಸರ್ ತಾನು ಕಂಡಿದ್ದನ್ನ ಸರಿಯಾಗೇ ಹೇಳಿದೆ, ಕೆಟ್ಟಿರೋದು ಒಂದು ಪ್ಲಗ್ ವಯರ್ ಅಷ್ಟೇ.

ಇಲ್ಲಿಯವರು ಪೆದ್ದರು ಅಂತ ನಾನು ಹೇಳ್ತಿಲ್ಲ. ಇಲ್ಲಿ ಗ್ಯಾರೇಜ್‌ನ ಒಂದು ಗಂಟೆ ಕೂಲಿ ನೂರು ಡಾಲರ್ ದಾಟಿದೆ, ಸೆನ್ಸರ್ ಅದಕ್ಕಿಂತ ಅಗ್ಗ, ಹಾಗಾಗಿ ಹುಡುಕೋಕೆ ಕೂಲಿ ಕೊಡೋದಕ್ಕಿಂತ ಊಹೆ ಮೇಲೆ ಪಾರ್ಟ್ ಹಾಕೋದೇ ಲಾಭ ಅನ್ಸುತ್ತೆ. ಊರಲ್ಲಿ ಲೆಕ್ಕ ಉಲ್ಟಾ. ಪಾರ್ಟ್ ದುಬಾರಿ, ಬೆಂಗಳೂರು ಜೆ.ಸಿ. ರೋಡಿಂದ ತರಿಸ್ಬೇಕು, ಕೂಲಿ ಕಮ್ಮಿ. ಓನರ್ ಎದುರಿಗೇ ಸ್ಟೂಲ್ ಹಾಕ್ಕೊಂಡು ಕೂತಿರ್ತಾನೆ, "ಯಾಕಣ್ಣಾ ಇದನ್ನ ಬದಲಾಯಿಸ್ಬೇಕು?" ಅಂತ ಕೇಳೇ ಕೇಳ್ತಾನೆ, ಮೇಸ್ತ್ರಿ ಕಾರಣ ತೋರಿಸ್ಬೇಕು. ಈ ಒತ್ತಡದಿಂದಾನೇ ನಮ್ಮ ಮೇಸ್ತ್ರಿಗಳ ಕಿವಿ ಹರಿತವಾಗಿರೋದು ಅಂತ ನನ್ನ ನಂಬಿಕೆ.

ಅವರು ಏನ್ ಮಾಡ್ತಿದ್ರು ನೆನಪು ಮಾಡ್ಕೊಳ್ಳಿ. ಪೆಟ್ರೋಲ್ ಗಾಡಿಯಾದ್ರೆ ಐಡಲಿಂಗ್‌ನಲ್ಲಿ ಬಿಟ್ಟು ಒಂದೊಂದೇ ಪ್ಲಗ್ ವಯರ್ ಕೀಳೋದು, ಯಾವುದನ್ನ ಕಿತ್ರೆ ಎಂಜಿನ್ ಸದ್ದು ಬದಲಾಗಲ್ವೋ ಆ ಸಿಲಿಂಡರ್ ಕೆಲ್ಸ ಮಾಡ್ತಿಲ್ಲ. ಡೀಸೆಲ್ ಲಾರಿಯಾದ್ರೆ ನಾಝಲ್‌ಗೆ ಹೋಗೋ ಪೈಪಿನ ನಟ್ಟನ್ನ ಒಂದೊಂದಾಗಿ ಸ್ವಲ್ಪ ಲೂಸ್ ಮಾಡೋದು, ಅದೇ ತರ್ಕ. ಆಮೇಲೆ ಅನುಮಾನ ಇರೋ ನಾಝಲ್ ಬಿಚ್ಚಿ ಪಂಪ್ ಅಂಗಡಿಗೆ ಕೊಟ್ರೆ ಅಲ್ಲಿ ಕೈ ಪಂಪಿನ ಟೆಸ್ಟರ್‌ಗೆ ಸಿಕ್ಕಿಸಿ ಒತ್ತಿ ತೋರಿಸ್ತಿದ್ರು, ಸ್ಪ್ರೇ ಮಂಜಿನ ಹಾಗೆ ಹರಡುತ್ತಾ ಇಲ್ಲಾ ಹನಿ ತೊಟ್ಟಿಕ್ಕುತ್ತಾ ಅಂತ. 1951ರಲ್ಲಿ ಶುರುವಾದ ಮೈಕೋ, ಅಂದ್ರೆ ಈಗಿನ ಬಾಷ್, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು ಪಂಪು ಮಾಡಿದ್ರಿಂದ ಈ ವಿದ್ಯೆ ನಮ್ಮ ತಾಲೂಕು ಕೇಂದ್ರಗಳವರೆಗೂ ಇಳೀತು, 'ಮೈಕೋ ಪಂಪ್' ಅನ್ನೋ ಮಾತು ಲಾರಿ ಡ್ರೈವರ್‌ಗಳ ಬಾಯಲ್ಲಿ ಇವತ್ತಿಗೂ ಇದೆ.

ಟಿಬಿಐ ಟ್ರಕ್ಕಿಗೆ ಈ ಕಣ್ಣು ಕಿವಿ ವಿದ್ಯೆ ಹೇಳಿ ಮಾಡಿಸಿದ ಹಾಗಿದೆ. ಏರ್ ಕ್ಲೀನರ್ ತೆಗೆದ್ರೆ ಇಂಜೆಕ್ಟರ್ ಎರಡೂ ಕಣ್ಮುಂದೆ, ಎಂಜಿನ್ ಓಡ್ತಿರೋವಾಗ್ಲೇ ಸ್ಪ್ರೇ ನೋಡಬಹುದು, ಸ್ಪಾರ್ಕ್ ಆದಾಗೆಲ್ಲಾ ಮಿಂಚೋ ಟೈಮಿಂಗ್ ಲೈಟ್ ಬಿಟ್ರಂತೂ ಸ್ಪ್ರೇ ನಿಂತ ಹಾಗೆ ಕಾಣುತ್ತೆ. ಒಂದರಲ್ಲಿ ಕೋನ್ ಆಕಾರದಲ್ಲಿ ಸಮವಾಗಿ ಬರ್ತಾ ಇನ್ನೊಂದರಲ್ಲಿ ಒಂದು ಕಡೆ ಮಾತ್ರ ಗೆರೆ ಗೆರೆ ಬಂದ್ರೆ ಅಲ್ಲೇ ಗೊತ್ತಾಯ್ತು. ಎಂಜಿನ್ ಆಫ್ ಮಾಡಿದ ಮೇಲೂ ಹನಿ ಬೀಳ್ತಿದ್ರೆ ಇಂಜೆಕ್ಟರ್ ಅಥವಾ ಅದ್ರ ಓ-ರಿಂಗ್ ಲೀಕ್. ಕತ್ತಲಾದ ಮೇಲೆ ಬಾನೆಟ್ ಎತ್ತಿ ಪ್ಲಗ್ ವಯರ್‌ಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿ ನೋಡಿ, ಹಳೇ ವಯರ್ ಎಲ್ಲಿ ಸ್ಪಾರ್ಕ್ ಸೋರಿಸ್ತಿದೆ ಅಂತ ನೀಲಿ ಕಿಡಿ ಕಾಣುತ್ತೆ.

ಆದ್ರೆ ಒಂದು ಎಚ್ಚರಿಕೆ. ಊರಲ್ಲಿ ಮಾಡ್ತಿದ್ದ ಹಾಗೆ ಇಲ್ಲಿ ಪ್ಲಗ್ ವಯರ್ ಕಿತ್ತು ಗಾಳಿಲಿ ಬಿಡಬೇಡಿ, ಈ ಎಲೆಕ್ಟ್ರಾನಿಕ್ ಇಗ್ನಿಷನ್ ಕಾಯಿಲ್‌ನ ವೋಲ್ಟೇಜ್ ಬಹಳ ಜಾಸ್ತಿ, ಹೋಗೋಕೆ ದಾರಿ ಸಿಗದಿದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಅಥವಾ ಮಾಡ್ಯೂಲ್ ಸುಡಬಹುದು, ಕಿತ್ತ ವಯರ್‌ನ ಅರ್ಥ್ ಮಾಡಿ ಇಡ್ಬೇಕು. ಊರಲ್ಲಿರೋರಿಗೂ ಇದನ್ನ ಒತ್ತಿ ಹೇಳ್ತೀನಿ, ಹಳೇ ಡೀಸೆಲ್‌ನಲ್ಲಿ ಪೈಪ್ ನಟ್ ಲೂಸ್ ಮಾಡಿದ ಕೈ ಹೊಸ ಡೀಸೆಲ್ ಗಾಡಿಗಳ ಕಾಮನ್ ರೈಲ್ ಎಂಜಿನ್ ಹತ್ರ ಹೋಗಬಾರದು, ಅಲ್ಲಿ ಒತ್ತಡ ಸಾವಿರ ಬಾರ್ ದಾಟಬಹುದು, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಕಿವಿ ಸಾಲದೇ ಹೋಗೋದು ಗಾಳಿ ಲೀಕ್ ವಿಷಯದಲ್ಲಿ. ಗಾಳಿ ಮೀಟರ್ ಇರೋ ಗಾಡೀಲಿ ಲೀಕ್ ಆದ್ರೆ ಮೀಟರ್‌ಗೆ ಗೊತ್ತಾಗದೆ ಗಾಳಿ ನುಗ್ಗಿ ಮಿಶ್ರಣ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಟಿಬಿಐನಲ್ಲಿ ಹಾಗಲ್ಲ, ಲೀಕ್ ಆದ ಗಾಳಿ ಮ್ಯಾನಿಫೋಲ್ಡ್ ಒತ್ತಡ ಏರಿಸುತ್ತೆ, ಮ್ಯಾಪ್ ಸೆನ್ಸರ್ ಅದನ್ನ ನೋಡಿ ಪೆಟ್ರೋಲೂ ಜಾಸ್ತಿ ಕೊಡಿಸುತ್ತೆ, ಹಾಗಾಗಿ ಐಡಲ್ ಸ್ಪೀಡ್ ಏರುತ್ತೆ, ಏರಿದ್ದನ್ನ ಇಳಿಸೋಕೆ ಐಡಲ್ ಏರ್ ಕಂಟ್ರೋಲ್ ವಾಲ್ವ್, ಅಂದ್ರೆ ಐಎಸಿ, ತನ್ನ ದಾರಿ ಮುಚ್ಚುತ್ತಾ ಹೋಗುತ್ತೆ. ಈ ಗಾಡಿಗೆ ಆಗೋ ಹಳೇ ಸ್ಕ್ಯಾನರ್ ಅಥವಾ ಲ್ಯಾಪ್‌ಟಾಪ್ ಕೇಬಲ್ ಹಾಕಿ ಐಎಸಿ ಕೌಂಟ್, ಅಂದ್ರೆ ಆ ವಾಲ್ವ್ ಎಷ್ಟು ತೆರೆದಿದೆ ಅನ್ನೋ ಸಂಖ್ಯೆ, ಓದಿದ್ರೆ ಸೊನ್ನೆ ಹತ್ರ ಇರುತ್ತೆ, ಅಂದ್ರೆ ಕಂಪ್ಯೂಟರ್ ಪೂರ್ತಿ ಮುಚ್ಚಿದೆ, ಗಾಳಿ ಬೇರೆ ಕಡೆಯಿಂದ ಬರ್ತಿದೆ. ಕೌಂಟ್ ಬಹಳ ಮೇಲಿದ್ರೆ ಉಲ್ಟಾ, ಐಎಸಿ ದಾರೀಲಿ ಮಸಿ ಕಟ್ಟಿರಬಹುದು, ಬಿಚ್ಚಿ ಕ್ಲೀನ್ ಮಾಡಿದ್ರೆ ಸಾಕು. ಇನ್ನೊಂದು ಸೂಕ್ಷ್ಮ ಏನಂದ್ರೆ ಲೀಕ್ ಮ್ಯಾನಿಫೋಲ್ಡ್‌ನ ಒಂದೇ ಸಿಲಿಂಡರ್ ದಾರಿ ಪಕ್ಕದ ಗ್ಯಾಸ್ಕೆಟ್‌ನಲ್ಲಿದ್ರೆ ಆ ಸಿಲಿಂಡರ್‌ಗೆ ಮಾತ್ರ ಬರೀ ಗಾಳಿ ಸೇರುತ್ತೆ, ಐಡಲಿಂಗ್‌ನಲ್ಲಿ ಮಿಸ್ ಆಗುತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಆ ಲೀಕ್ ಲೆಕ್ಕಕ್ಕೇ ಬರಲ್ಲ, ಗಾಡಿ ಸರಿಹೋದ ಹಾಗೆ ಅನ್ಸುತ್ತೆ. ಹೈವೇಲಿ ಚೆನ್ನಾಗಿದೆ ಸಿಗ್ನಲ್‌ನಲ್ಲಿ ಅದುರುತ್ತೆ ಅನ್ನೋ ದೂರಿಗೆ ಇದು ಬಹಳ ಸಲ ಕಾರಣ. ಥ್ರಾಟಲ್ ಬಾಡಿ ಕೆಳಗಿನ ಗ್ಯಾಸ್ಕೆಟ್ಟು, ಬ್ರೇಕ್ ಬೂಸ್ಟರ್ ಪೈಪು, ಎಂಜಿನ್ ಒಳಗಿನ ಆವಿನ ಮ್ಯಾನಿಫೋಲ್ಡಿಗೆ ಎಳೆಯೋ ಪಿಸಿವಿ ಪೈಪಿನ ಮೂಲೆ, ಇವನ್ನೂ ನೋಡಿ, ವಯಸ್ಸಾದ ರಬ್ಬರ್ ಬೆರಳಲ್ಲಿ ಹಿಚುಕಿದ್ರೆ ಸಾಕು ಬಿರುಕು ಕಾಣುತ್ತೆ.

ಇದಕ್ಕೆಲ್ಲಾ ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್ ಒಂದಿದ್ರೆ ಅರ್ಧ ಕೆಲ್ಸ ಮುಗೀತು. ಆರೋಗ್ಯವಾಗಿರೋ ಎಂಜಿನ್ ಬಿಸಿಯಾಗಿ ಐಡಲಿಂಗ್‌ನಲ್ಲಿದ್ದಾಗ ಸೂಜಿ ಸುಮಾರು 17ರಿಂದ 21 ಇಂಚು ಪಾದರಸದ ಹತ್ರ ಅಲ್ಲಾಡದೆ ನಿಲ್ಲುತ್ತೆ. ಅಲ್ಲಾಡದೆ ನಿಂತಿದೆ ಆದ್ರೆ ಕಮ್ಮಿ ಇದೆ ಅಂದ್ರೆ ಲೀಕ್ ಇದೆ ಅಥವಾ ಸ್ಪಾರ್ಕ್ ತಡವಾಗಿ ಬರ್ತಿದೆ, ಒಂದೇ ಲಯದಲ್ಲಿ ಪಟ್ ಪಟ್ ಅಂತ ಬೀಳ್ತಿದ್ರೆ ವಾಲ್ವ್ ಸುಟ್ಟಿರಬಹುದು, ಅಲ್ಲಿಗೆ ಸೆನ್ಸರ್ ಬದಲಾಯಿಸೋ ಮಾತೇ ಇಲ್ಲ. ಫ್ಯೂಯಲ್ ಪ್ರೆಶರ್ ಕೂಡ ಹಾಗೇ, ಟಿಬಿಐಗೆ ಬೇಕಾಗಿರೋದು ಬರೀ 9ರಿಂದ 13 ಪಿಎಸ್‌ಐ, ಇಷ್ಟು ಕಮ್ಮಿ ಒತ್ತಡದಲ್ಲಿ ಎರಡು ಮೂರು ಪಿಎಸ್‌ಐ ಇಳಿದ್ರೂ ಐಡಲಿಂಗ್ ಕೆಡುತ್ತೆ, ಅದನ್ನ ಕಿವಿಯಲ್ಲಿ ಕಂಡುಹಿಡಿಯೋಕಾಗಲ್ಲ. ಕೂಲೆಂಟ್ ಸೆನ್ಸರ್‌ಗೆ ಮಲ್ಟಿಮೀಟರ್ ಹಿಡೀರಿ, 20 ಡಿಗ್ರಿಯಲ್ಲಿ ಸುಮಾರು 3,500 ಓಮ್, 100 ಡಿಗ್ರಿಯಲ್ಲಿ 180ರ ಆಸುಪಾಸು. ಬಿಸಿ ಎಂಜಿನ್‌ನಲ್ಲೂ ಸಾವಿರಗಟ್ಟಲೆ ತೋರಿಸಿದ್ರೆ ಎಂಜಿನ್ ತಣ್ಣಗಿದೆ ಅಂದ್ಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರೀತಾನೇ ಇರುತ್ತೆ. ಇಜಿಆರ್‌ಗೆ ಗ್ಲವ್ಸ್ ಹಾಕ್ಕೊಂಡು ಕೆಳಗಿಂದ ಡಯಾಫ್ರಂ ಎತ್ತಿ ನೋಡಿ, ಐಡಲಿಂಗ್‌ನಲ್ಲಿ ಎತ್ತಿದ ತಕ್ಷಣ ಎಂಜಿನ್ ಮುಗ್ಗರಿಸಬೇಕು, ಏನೂ ಆಗ್ಲಿಲ್ಲ ಅಂದ್ರೆ ದಾರಿ ಮುಚ್ಚಿದೆ ಅಥವಾ ವಾಲ್ವ್ ಮೊದಲೇ ತೆರೆದು ಸಿಕ್ಕಾಕ್ಕೊಂಡಿದೆ.

ಇವೆಲ್ಲಾ ಇಲ್ಲಿ ಗುಟ್ಟೇನಲ್ಲ. ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ಹಳೇದು ಕೈಗೆಟಕೋ ಬೆಲೆಗೆ ಸಿಗುತ್ತೆ, ಇಂಥಾ ಕೋಡ್ ಬಂದ್ರೆ ಮೊದಲು ಏನು ಅಳೀಬೇಕು, ಎಷ್ಟು ಬರಬೇಕು, ಬರದಿದ್ರೆ ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಪುಟಗಟ್ಟಲೆ ಚಾರ್ಟ್ ಇದೆ, ಯಾವ ರೈತನಾದ್ರೂ ಕೊಂಡು ಓದಬಹುದು. ಇದನ್ನ ಕಂಡ್ರೆ ನನಗೆ ನಿಜವಾಗ್ಲೂ ಹೊಟ್ಟೆಕಿಚ್ಚು. ನಮ್ಮಲ್ಲಿ ವಿದ್ಯೆ ಮೇಸ್ತ್ರಿ ತಲೇಲಿರುತ್ತೆ, ಜೊತೇಲಿರೋ ಹುಡುಗ್ರು ವರ್ಷಗಟ್ಟಲೆ ಸ್ಪ್ಯಾನರ್ ಕೊಟ್ಕೊಂಡು ನೋಡ್ಕೊಂಡು ಕಲೀಬೇಕು, ಮೇಸ್ತ್ರಿ ಅಂಗಡಿ ಮುಚ್ಚಿದ್ರೆ ಅರ್ಧ ವಿದ್ಯೆ ಅವರ ಜೊತೇನೇ ಹೋಯ್ತು.

ಇತ್ತೀಚೆಗೆ ಊರಿಗೆ ಹೋದಾಗ ಬೇಜಾರಾಗಿದ್ದು ಏನಂದ್ರೆ ಈಗ ಅಲ್ಲೂ ಸ್ಕ್ಯಾನರ್ ಬಂದಿದೆ, ಆದ್ರೆ ಚಾರ್ಟ್ ಬಂದಿಲ್ಲ. ಹುಡುಗ ಕೋಡ್ ಓದ್ತಾನೆ, "ಸಾರ್, ಸೆನ್ಸರ್ ಹೋಗಿದೆ" ಅಂತಾನೆ, ಪಕ್ಕದಲ್ಲೇ ಇರೋ ವಯಸ್ಸಾದ ಮೇಸ್ತ್ರಿ ಸದ್ದು ಕೇಳಿ "ಎಲ್ಲೋ ಏರ್ ಎಳೀತಿದೆ ಕಣೋ" ಅಂದ್ರೂ ಕಿವಿಗೆ ಹಾಕ್ಕೊಳ್ಳಲ್ಲ. ಇಲ್ಲಿಯ ಕೆಟ್ಟ ಚಾಳಿ ಮೊದಲು ಅಲ್ಲಿಗೆ ಹೋಯ್ತು, ಒಳ್ಳೇದು ಇನ್ನೂ ಹಡಗು ಹತ್ತಿಲ್ಲ. ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಓದೋ ಮಕ್ಕಳಿಗೆ ಎರಡು ವರ್ಷ ಟೈಮ್ ಇದೆ, ಅದ್ರಲ್ಲಿ ಮೊದಲ ಕೆಲವು ತಿಂಗಳು ಸ್ಕ್ಯಾನರ್ ಬೀರುವಲ್ಲಿಟ್ಟು ವ್ಯಾಕ್ಯೂಮ್ ಗೇಜು, ಫ್ಯೂಯಲ್ ಪ್ರೆಶರ್ ಗೇಜು, ಮಲ್ಟಿಮೀಟರ್ ಮೂರನ್ನೇ ಕೊಟ್ಟು ಬೇಕಂತಲೇ ಕೆಡಿಸಿದ ಎಂಜಿನ್ ಮುಂದೆ ನಿಲ್ಲಿಸ್ಲಿ, ಆ ವಯಸ್ಸಾದ ಮೇಸ್ತ್ರಿಯನ್ನೂ ಸಂಬಳ ಕೊಟ್ಟು ಕರೆಸಿ ಪಕ್ಕದಲ್ಲಿ ನಿಲ್ಲಿಸ್ಲಿ, ಚಾರ್ಟ್‌ಗಳು ಕನ್ನಡದಲ್ಲಿ ಗೋಡೆ ಮೇಲಿರ್ಲಿ. ಚಾರ್ಟ್ ಕನ್ನಡಕ್ಕೆ ತರೋ ಕೆಲ್ಸಕ್ಕೆ ಕೂರೋಕೆ ನಾನು ತಯಾರಿದ್ದೀನಿ, ನನ್ನ ಹಾಗೆ ಗ್ಯಾರೇಜ್ ಹುಚ್ಚಿರೋ ಹೊರನಾಡ ಕನ್ನಡಿಗರು ಇಲ್ಲಿ ಇನ್ನೂ ಸಿಗ್ತಾರೆ. ಐಡಲಿಂಗ್ ಚಾರ್ಟ್‌ನಿಂದಲೇ ಶುರು ಮಾಡೋಣ, ಗ್ಯಾರೇಜಿಗೆ ದಿನಾ ಬರೋ ದೂರು ಅದೇ ತಾನೇ.